ರೀಸ್ಟೋರ್ ಎಂದರೆ ಒರೆಸುವುದಲ್ಲ

ಕೋಲಾರದ ಬಸ್ ಸ್ಟ್ಯಾಂಡ್ ಸುತ್ತಮುತ್ತಲ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಈ ಮಾತು ದಿನಾ ಕಿವಿಗೆ ಬೀಳುತ್ತದೆ: "ಅಣ್ಣಾ, ಪೂರ್ತಿ ರೀಸ್ಟೋರ್ ಮಾಡ್ಬಿಟ್ಟಿದೀನಿ, ನೋಡಿ ಈಗ ಎಷ್ಟು ಫಾಸ್ಟಾಗೈತೆ." ಅಲ್ಲಿ ನಡೆದಿರುವುದು ರೀಸೆಟ್. ಫೋನಿನಲ್ಲಿದ್ದುದನ್ನೆಲ್ಲ ಒರೆಸಿ, ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿಟ್ಟಿದ್ದಾರೆ. ಈಚೆಗೆ ಎಪಿಎಂಸಿಗೆ ಟೊಮೆಟೊ ಹಾಕುವ ರೈತರೊಬ್ಬರು ಈ ಮಾತನ್ನು ನಂಬಿ ಫೋನ್ ಕೊಟ್ಟರು. ಮಂಡಿಯವರು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದ ಬಿಲ್ಲುಗಳೆಲ್ಲ ಅದರಲ್ಲೇ ಇದ್ದವು. ಎಷ್ಟು ಬಾಕ್ಸ್ ಹೋಯಿತು, ಯಾವ ರೇಟಿಗೆ ಹೋಯಿತು, ಬಾಕಿ ಎಷ್ಟು ಬರಬೇಕು, ಎಲ್ಲ ಲೆಕ್ಕವೂ ಆ ಬಿಲ್ಲುಗಳದ್ದೇ. "ರೀಸ್ಟೋರ್ ಅಂದ್ರೆ ವಾಪಸ್ ಬರೋದು ತಾನೇ ಸಾರ್?" ಎಂದು ಆಮೇಲೆ ಕೇಳಿದರು. ಅವರು ತಿಳಿದುಕೊಂಡಿದ್ದು ಸರಿಯಾಗಿಯೇ ಇತ್ತು. ಪದವನ್ನು ತಪ್ಪಾಗಿ ಬಳಸಿದ್ದು ಅಂಗಡಿಯವರು, ನಷ್ಟ ಆದದ್ದು ಇವರಿಗೆ.

ಮೊದಲೇ ತೆಗೆದಿಟ್ಟ ಬ್ಯಾಕಪ್‌ನಿಂದ, ಅಂದರೆ ಬೇರೆ ಕಡೆ ಉಳಿಸಿಟ್ಟ ಪ್ರತಿಯಿಂದ, ಡೇಟಾ ಮತ್ತು ಸೆಟಿಂಗ್‌ಗಳನ್ನು ಫೋನಿಗೆ ಮರಳಿ ತುಂಬುವುದೇ ರೀಸ್ಟೋರ್. ಬ್ಯಾಕಪ್ ಇಲ್ಲದಿದ್ದರೆ ರೀಸ್ಟೋರ್ ಎಂಬ ಕೆಲಸವೇ ಇಲ್ಲ. ಬ್ಯಾಕಪ್ ಇದ್ದರೂ ಅದರ ತಾರೀಖು ಯಾವುದು ಎಂಬುದು ಮುಖ್ಯ, ಏಕೆಂದರೆ ಫೋನ್ ಮರಳುವುದು ಆ ತಾರೀಖಿನ ಸ್ಥಿತಿಗೆ. ಆ ರೈತರ ವಾಟ್ಸಾಪ್ ಬ್ಯಾಕಪ್ ಯುಗಾದಿ ಹೊತ್ತಿಗೇ ನಿಂತುಹೋಗಿತ್ತು. ಗೂಗಲ್ ಪುಕ್ಕಟೆಯಾಗಿ ಕೊಡುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಈಗ ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ಪೂ ಅದೇ ಲೆಕ್ಕಕ್ಕೆ ಸೇರುತ್ತದೆ. ಜಾಗ ತುಂಬಿದೆ ಎಂಬ ನೋಟಿಫಿಕೇಶನ್ ಬಂದಾಗಲೆಲ್ಲ ಅವರು ಅದನ್ನು ಪಕ್ಕಕ್ಕೆ ಸರಿಸಿದ್ದರು. ಹೀಗಾಗಿ ಯುಗಾದಿಯವರೆಗಿನ ಬಿಲ್ಲುಗಳು ಬಂದವು, ರೇಟು ಏರಿದ ಮೇಲಿನವು ಬರಲಿಲ್ಲ.

ಈ ಗೊಂದಲ ಅಂಗಡಿಯವರು ಸುಮ್ಮನೆ ಹುಟ್ಟಿಸಿದ್ದಲ್ಲ, ಅದಕ್ಕೊಂದು ಮೂಲ ಇದೆ. ಐಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ ಐಟ್ಯೂನ್ಸ್ ಅಥವಾ ಫೈಂಡರ್ ಎಂಬ ಆ್ಯಪಲ್ ಪ್ರೋಗ್ರಾಂ ತೆರೆದರೆ ಒಂದೇ ಪರದೆಯ ಮೇಲೆ ಎರಡು ಬಟನ್ ಕಾಣುತ್ತವೆ. ಒಂದು 'ರೀಸ್ಟೋರ್ ಐಫೋನ್', ಇನ್ನೊಂದು 'ರೀಸ್ಟೋರ್ ಬ್ಯಾಕಪ್'. ಮೊದಲನೆಯದನ್ನು ಒತ್ತಿದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗಿ ಐಫೋನಿನ ಮೂಲ ಸಾಫ್ಟ್‌ವೇರ್ ಆದ ಐಓಎಸ್ ಹೊಸದಾಗಿ ಕೂರುತ್ತದೆ. ಎರಡನೆಯದು ಹಳೆಯ ಬ್ಯಾಕಪ್‌ನಲ್ಲಿರುವುದನ್ನು ತಂದು ತುಂಬುತ್ತದೆ. ಒಂದೇ ಪದಕ್ಕೆ ಒಂದೇ ಜಾಗದಲ್ಲಿ ಎದುರುಬದುರು ಅರ್ಥ ಕೊಟ್ಟಿದ್ದು ಆ್ಯಪಲ್ ಮಾಡಿದ ತಪ್ಪು ಎಂದೇ ನನ್ನ ಅಭಿಪ್ರಾಯ. ಲೋಗೋದಲ್ಲೇ ನಿಂತುಬಿಟ್ಟ ಫೋನ್ ರಿಪೇರಿ ಮಾಡುವವರಿಗೆ ಬೇಕಾಗುವುದು ಮೊದಲನೆಯ ಬಟನ್. ಅವರ ಬಾಯಲ್ಲಿ ಪದ ಆ ಅರ್ಥದಲ್ಲೇ ನಿಂತು, ಅಲ್ಲಿಂದ ಆಂಡ್ರಾಯ್ಡ್ ಫೋನುಗಳಿಗೂ ಹಬ್ಬಿತು. ಆದರೆ ಆಂಡ್ರಾಯ್ಡ್‌ನ ಸೆಟಿಂಗ್‌ನಲ್ಲಿ ಆ ಕೆಲಸದ ಹೆಸರು ಫ್ಯಾಕ್ಟರಿ ರೀಸೆಟ್ ಎಂದೇ ಇದೆ. ಅಲ್ಲಿ ಗೊಂದಲಕ್ಕೆ ಯಾವ ನೆಪವೂ ಇಲ್ಲ.

ಇನ್ನೊಂದು ಕಾರಣವನ್ನೂ ಹೇಳಬೇಕು. ಬಳಸುತ್ತಿರುವ ಐಫೋನಿಗೆ ಐಕ್ಲೌಡ್ (ಆ್ಯಪಲ್‌ನ ಆನ್‌ಲೈನ್ ಜಾಗ) ಬ್ಯಾಕಪ್ ತುಂಬಬೇಕಾದರೆ ಮೊದಲು ಅದನ್ನು ಅಳಿಸಲೇಬೇಕು, ಏಕೆಂದರೆ ರೀಸ್ಟೋರ್ ಮಾಡಲೋ ಎಂಬ ಪ್ರಶ್ನೆ ಬರುವುದು ಹೊಸದಾಗಿ ಸೆಟಪ್ ಮಾಡುವಾಗ. ಎರಡು ಕೆಲಸ ಬೆನ್ನುಬೆನ್ನಿಗೆ ನಡೆಯುವುದರಿಂದ ಒಂದೇ ಹೆಸರು ಅಂಟಿಕೊಂಡಿರಬಹುದು. ಆದರೆ ಮೊದಲ ಅರ್ಧ ಮಾಡಿ ಎರಡನೆಯ ಅರ್ಧ ಬಿಟ್ಟು, ಇಡೀ ಕೆಲಸದ ಹೆಸರು ಹೇಳುವುದು ಸರಿಯಲ್ಲ. 'ಸಾಫ್ಟ್‌ವೇರ್ ಹಾಕಿದ್ದೀವಿ' ಎಂದರೆ ಅದಾದರೂ ನಿಜದ ಮಾತು.

ರಿಕವರಿ ಎಂಬುದು ಬೇರೆಯೇ ವಿಷಯ. ಬ್ಯಾಕಪ್ ಇಲ್ಲದೆ, ಅಳಿದುಹೋದದ್ದನ್ನು ಫೋನಿನ ಸ್ಟೋರೇಜ್‌ನಿಂದಲೇ ಹೆಕ್ಕಿ ತೆಗೆಯುವ ಪ್ರಯತ್ನ ಅದು. ಈಗಿನ ಫೋನುಗಳು ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಮಾಡಿಯೇ ಇಡುತ್ತವೆ, ರೀಸೆಟ್ ಮಾಡಿದಾಗ ಅದನ್ನು ಬಿಚ್ಚುವ ಕೀ ನಾಶವಾಗುತ್ತದೆ. ಆಮೇಲೆ "ಅದೊಂದು ಸಾಫ್ಟ್‌ವೇರ್ ಐತೆ, ತೆಗೆದುಕೊಡ್ತೀನಿ" ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಬ್ಯಾಕಪ್ ಮತ್ತು ಸಿಂಕ್ ಒಂದೇ ಎಂದುಕೊಂಡವರೂ ಬಹಳ. ಮಂಡಿಯ ಬಿಲ್ ಬುಕ್ಕಿನಲ್ಲಿ ಅಡಿಯಲ್ಲಿ ಉಳಿಯುವ ಕಾರ್ಬನ್ ಪ್ರತಿಯ ಹಾಗೆ ಬ್ಯಾಕಪ್. ಮೇಲಿನ ಹಾಳೆ ಹರಿದುಹೋದರೂ ಅದು ಬುಕ್ಕಿನಲ್ಲೇ ಇರುತ್ತದೆ. ಸಿಂಕ್ ಎಂದರೆ ಎರಡು ಕಡೆಯೂ ಸದಾ ಒಂದೇ ಥರ ಇರುವಂತೆ ನೋಡಿಕೊಳ್ಳುವುದು, ಹಾಗಾಗಿ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಫೋಟೋಸ್ 'ಬ್ಯಾಕಪ್' ಎಂಬ ಪದವನ್ನೇ ಬಳಸುತ್ತದೆ, ಆದರೆ ಆ ಆ್ಯಪ್‌ನೊಳಗೆ ಒಂದು ಫೋಟೊ ಡಿಲೀಟ್ ಮಾಡಿದರೆ ಕ್ಲೌಡ್‌ನಲ್ಲಿರುವುದೂ ಹೋಗುತ್ತದೆ. ಹಾಗೆ ಹೋದದ್ದು 60 ದಿನ ಬಿನ್‌ನಲ್ಲಿರುತ್ತದೆ, ಅಷ್ಟರೊಳಗೆ ತೆಗೆದುಕೊಳ್ಳಬೇಕು. 'ಫೋನಲ್ಲಿ ಜಾಗ ಇಲ್ಲ, ಹೇಗೂ ಕ್ಲೌಡ್‌ನಲ್ಲಿದೆ' ಎಂದು ಮದುವೆ ಫೋಟೊಗಳನ್ನು ಒಂದೊಂದಾಗಿ ಅಳಿಸುತ್ತ ಕೂತವರನ್ನು ನೋಡಿದ್ದೇನೆ. ಅವರಿಗೆ ಬೇಕಾಗಿದ್ದದ್ದು ಅದೇ ಆ್ಯಪ್‌ನಲ್ಲಿರುವ, ಫೋನಿನ ಪ್ರತಿಯನ್ನಷ್ಟೇ ತೆಗೆದು ಜಾಗ ಖಾಲಿ ಮಾಡುವ ಬೇರೆ ಬಟನ್.

ಆಂಡ್ರಾಯ್ಡ್‌ನಲ್ಲಿ ನಿಜವಾದ ರೀಸ್ಟೋರ್ ಹೀಗೆ ನಡೆಯುತ್ತದೆ. ಹೊಸ ಫೋನ್ ಆನ್ ಮಾಡಿ, ಭಾಷೆ ಆರಿಸಿ, ವೈಫೈ ಹಾಕಿದ ಮೇಲೆ, ಹಳೆಯ ಫೋನಿನಿಂದ ಆ್ಯಪ್ ಮತ್ತು ಡೇಟಾ ತರಬೇಕೇ ಎಂದು ಕೇಳುತ್ತದೆ. ಅವಸರದಲ್ಲಿ ಹೆಚ್ಚಿನವರು 'ಬೇಡ' ಒತ್ತಿ ಮುಂದೆ ಹೋಗುವುದು ಇಲ್ಲಿಯೇ. ಒಪ್ಪಿಕೊಂಡು ಹಳೆಯ ಜಿಮೇಲ್‌ನಿಂದಲೇ ಲಾಗಿನ್ ಆದರೆ ಬ್ಯಾಕಪ್‌ಗಳ ಪಟ್ಟಿ ತಾರೀಖಿನ ಸಮೇತ ಬರುತ್ತದೆ. ಒಂದನ್ನು ಆರಿಸಿದಾಗ ಹಳೆಯ ಫೋನಿನ ಪಿನ್ ಅಥವಾ ಪ್ಯಾಟರ್ನ್ ಕೇಳುತ್ತದೆ, ಬ್ಯಾಕಪ್‌ಗೆ ಬೀಗ ಹಾಕಿರುವುದು ಅದರಿಂದಲೇ. ಆ ಮೇಲೆ ಕಾಂಟ್ಯಾಕ್ಟ್, ಎಸ್‌ಎಂಎಸ್, ಕಾಲ್ ಹಿಸ್ಟರಿ, ವೈಫೈ ಪಾಸ್‌ವರ್ಡ್, ವಾಲ್‌ಪೇಪರ್ ಬರುತ್ತವೆ, ಆ್ಯಪ್‌ಗಳು ಪ್ಲೇ ಸ್ಟೋರ್‌ನಿಂದ ಮತ್ತೆ ಇಳಿಯತೊಡಗುತ್ತವೆ. ಒಂದೊಂದು ಆ್ಯಪ್‌ನ ಡೇಟಾಗೂ 25 ಎಂಬಿ ಮಿತಿ ಇರುವುದರಿಂದ ಎಲ್ಲ ಆ್ಯಪ್‌ಗಳೂ ಬಿಟ್ಟಲ್ಲಿಂದಲೇ ಶುರುವಾಗುವುದಿಲ್ಲ. ಡೌನ್‌ಲೋಡ್ ಫೋಲ್ಡರ್‌ನಲ್ಲಿದ್ದ ಪಹಣಿ, ಆಧಾರ್ ಪಿಡಿಎಫ್‌ಗಳು, ಕಾಲ್ ರೆಕಾರ್ಡಿಂಗ್‌ಗಳು ಈ ಬ್ಯಾಕಪ್‌ಗೆ ಸೇರಿರುವುದಿಲ್ಲ. ಸಿಮ್‌ನಲ್ಲಿ ಸೇವ್ ಮಾಡಿದ ನಂಬರ್‌ಗಳು ಸಿಮ್‌ನಲ್ಲೇ ಇರುತ್ತವೆ, ಸಿಮ್ ಕಳೆದರೆ ಅವೂ ಹೋದವು.

ಹೊಸ ಆಂಡ್ರಾಯ್ಡ್ ಆವೃತ್ತಿಯ ಬ್ಯಾಕಪ್ ಹಳೆಯ ಆವೃತ್ತಿಯ ಫೋನಿಗೆ ಕೂರುವುದಿಲ್ಲ. ಫೋನ್ 57 ದಿನ ಬಳಸದೆ ಬಿದ್ದಿದ್ದರೆ ಗೂಗಲ್ ಆ ಬ್ಯಾಕಪ್ ಅಳಿಸಬಹುದು. ಹಾಗಾಗಿ ನೀರಿಗೆ ಬಿದ್ದ ಫೋನನ್ನು ಡ್ರಾಯರ್‌ನಲ್ಲಿಟ್ಟು 'ಆಮೇಲೆ ನೋಡೋಣ' ಎಂದು ತಿಂಗಳುಗಟ್ಟಲೆ ದೂಡಬಾರದು.

ವಾಟ್ಸಾಪ್ ತನ್ನ ಬ್ಯಾಕಪ್ಪನ್ನು ಪ್ರತ್ಯೇಕವಾಗಿ ನೋಡಿಕೊಳ್ಳುತ್ತದೆ. ಅದೇ ನಂಬರ್, ಅದೇ ಗೂಗಲ್ ಖಾತೆ ಇದ್ದರೆ, ನಂಬರ್ ವೆರಿಫೈ ಆದ ಕೂಡಲೇ ರೀಸ್ಟೋರ್ ಮಾಡಲೋ ಎಂದು ಕೇಳುತ್ತದೆ. ಅದನ್ನು ಸ್ಕಿಪ್ ಮಾಡಿ ಬಳಸತೊಡಗಿದರೆ ಹೊಸ ಬ್ಯಾಕಪ್ ಹಳೆಯದರ ಮೇಲೆ ಕೂರುವ ಅಪಾಯ ಇದೆ. ತಪ್ಪಿ ಸ್ಕಿಪ್ ಒತ್ತಿದ್ದರೆ ತಡಮಾಡದೆ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಳ್ಳಿ. 2021ರಲ್ಲಿ ಬಂದ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ (ಬಳಸುವವರಷ್ಟೇ ತೆರೆಯಬಲ್ಲ ಬ್ಯಾಕಪ್) ಆನ್ ಮಾಡಿದ್ದವರು ಅದರ ಪಾಸ್‌ವರ್ಡ್ ಮರೆತರೆ ವಾಟ್ಸಾಪ್‌ನವರೂ ತೆರೆದುಕೊಡಲಾರರು.

ಫೋನ್‌ಪೇ, ಗೂಗಲ್ ಪೇ ರೀಸ್ಟೋರ್ ಆಗಲಿಲ್ಲ ಎಂದು ಬೈಯುವವರಿದ್ದಾರೆ. ಅವು ಆಗಬಾರದು. ಯುಪಿಐ ಆ್ಯಪ್ ಒಂದು ಸಿಮ್ಮಿಗೂ ಒಂದು ಫೋನಿಗೂ ಕಟ್ಟುಬಿದ್ದಿರುತ್ತದೆ. ಬ್ಯಾಕಪ್‌ನೊಂದಿಗೆ ಅದೂ ಬರುವಂತಿದ್ದರೆ ನಿಮ್ಮ ಜಿಮೇಲ್ ಪಾಸ್‌ವರ್ಡ್ ಮತ್ತು ಫೋನಿನ ಪಿನ್ ತಿಳಿದವರ ಕೈಗೆ ಬ್ಯಾಂಕ್ ಖಾತೆಯ ಬಾಗಿಲೂ ಸಿಕ್ಕುತ್ತಿತ್ತು. ಆ್ಯಪ್ ಇಳಿದ ಮೇಲೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಹಾಕಿ ಹೊಸದಾಗಿ ರಿಜಿಸ್ಟರ್ ಮಾಡಿಕೊಳ್ಳಬೇಕು. ಆಗ ಆ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೋಗುತ್ತದೆ, ಅಷ್ಟಕ್ಕಾಗುವ ರೀಚಾರ್ಜ್ ಇದೆಯೇ ಎಂದು ಮೊದಲೇ ನೋಡಿಕೊಂಡಿರಿ.