ಯಾವ ಪದರದ ವಯಸ್ಸು? ಡಯಾಟಮ್ ಕೇಳಿ

ಸಮುದ್ರದಡಿ ಸಿಕ್ಕ ಮರದ ತುಂಡಿಗೆ ಒಂಬತ್ತೂವರೆ ಸಾವಿರ ವರ್ಷವಂತೆ, ಹಾಗಾದರೆ ಅಲ್ಲಿದ್ದ ನಗರಕ್ಕೂ ಅಷ್ಟೇ ವಯಸ್ಸಂತೆ. ಗುಜರಾತಿನ ಖಂಭಾತ್ ಕೊಲ್ಲಿಯ ಬಗ್ಗೆ 2002ರಲ್ಲಿ ಎದ್ದ ಈ ವಾದವನ್ನು ಬೆಂಗಳೂರಿನ ಓದುಬಲ್ಲವರೂ ನಂಬುತ್ತಾರೆ. ಆ ತುಂಡನ್ನು ಕಡಲತಳದಿಂದ ಬಾಚಿ ತೆಗೆದದ್ದು; ಅದು ಯಾವ ಪದರದಲ್ಲಿತ್ತು ಎಂಬುದಕ್ಕೆ ದಾಖಲೆಯೇ ಇಲ್ಲ. ಸತ್ತ ಜೀವಿಯಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆಯುವ ಕಾರ್ಬನ್-14 ಪರೀಕ್ಷೆ ಹೇಳುವುದು ಮರ ಬೆಳೆದ ಕಾಲವನ್ನು ಮಾತ್ರ. ಕೆಸರು ಕೂತಾಗ ಅಲ್ಲಿದ್ದದ್ದು ಕಡಲೋ ಹೊಳೆಯೋ ಎಂದು ತಿಳಿಯಲು ಡಯಾಟಮ್ ಬೇಕು.

ಡಯಾಟಮ್ ಒಂದೇ ಕೋಶದ ಪಾಚಿ. ಅದರ ಸಿಲಿಕಾ ಚಿಪ್ಪಿಗೆ ಡಬ್ಬಿ-ಮುಚ್ಚಳದ ಹಾಗೆ ಎರಡು ಹೋಳು. ನಮ್ಮ ಕೆರೆಗಳ ಕಲ್ಲಿಗೆ ಅಂಟುವ ಕಂದು ಲೋಳೆಯಲ್ಲೂ ಅದು ಧಾರಾಳವಾಗಿರುತ್ತದೆ. ಅದರಲ್ಲಿ ಹಲವು ಬಗೆ: ಯುನೋಶಿಯಾ ಸಿಹಿನೀರಿನದು, ಪ್ಯಾರಾಲಿಯಾ ಸಲ್ಕಾಟಾ ಕಡಲಿನದು. ಕೊಳವೆಯಲ್ಲಿ ತೆಗೆದ ಕೆಸರಿನ ಕಂಬದಲ್ಲಿ ಕೆಳಗೆ ಮೊದಲನೆಯದು, ಮೇಲೆ ಎರಡನೆಯದು ಇದ್ದರೆ ಕಡಲು ಒಳನುಗ್ಗಿದೆ ಎಂದರ್ಥ. ಕಾರ್ಬನ್ ಪರೀಕ್ಷೆಗೆ ಎಲೆ, ಬೀಜ ಆರಿಸಬೇಕಾದದ್ದು ಆ ಗಡಿಯಿಂದಲೇ. ಲಕ್ಷಾಂತರ ವರ್ಷ ಹಳೆಯ ಪದರಗಳಲ್ಲಾದರೆ ಅಳಿದುಹೋದ ಪ್ರಭೇದಗಳೇ ಕಾಲ ಹೇಳುತ್ತವೆ. ಹತ್ತು ಸಾವಿರ ವರ್ಷದೊಳಗಿನ ಕೆಸರಿನಲ್ಲಿ ಆ ಅನುಕೂಲವಿಲ್ಲ.

ಚಿಪ್ಪು ಕಾಣಬೇಕಾದರೆ ಮೊದಲು ಕೆಸರಿನಲ್ಲಿರುವ ಜೈವಿಕ ಕಸವನ್ನು ತೆಗೆಯಬೇಕು. ಅದಕ್ಕೆ ಒಂದು ಘನ ಸೆಂಟಿಮೀಟರ್ ಕೆಸರಿಗೆ ಸುಮಾರು 20 ಮಿಲಿಲೀಟರ್, ಶೇ. 30ರ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಕೈಗವಸು, ಕನ್ನಡಕ, ಅನಿಲವನ್ನು ಹೊರಗೆಳೆಯುವ ಹೊಗೆಗೂಡು ಕಡ್ಡಾಯ. ಒಮ್ಮೆಲೇ ಕಾಯಿಸಿದರೆ ನೊರೆ ಉಕ್ಕಿ ಅರ್ಧ ಮಾದರಿ ಹೊರಗೆ ಚೆಲ್ಲುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಬಿಸಿನೀರಿನ ತೊಟ್ಟಿಯಲ್ಲಿಟ್ಟು ಗುಳ್ಳೆ ನಿಲ್ಲುವವರೆಗೆ ಕಾಯಿಸಬೇಕು. ಕಪ್ಪೆಚಿಪ್ಪಿನ ಪುಡಿ ಇದ್ದರೆ ಅದನ್ನು ಕರಗಿಸಲು ಆಮೇಲೆ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲ. ನಡುವೆ ತೊಳೆಯದೆ ಹಾಕಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಶುದ್ಧನೀರಿನಲ್ಲಿ ನಾಲ್ಕೈದು ಸಲ ತೊಳೆದು, ಒಂದು ಹನಿಯನ್ನು ಕವರ್‌ಸ್ಲಿಪ್ ಮೇಲೆ ನಿಧಾನವಾಗಿ ಒಣಗಿಸಿ. ಅವಸರದಲ್ಲಿ ಬಿಸಿಯಿಟ್ಟರೆ ಚಿಪ್ಪುಗಳು ಅಂಚಿಗೆ ಸರಿದು ಗುಂಪುಗೂಡುತ್ತವೆ. ಕವರ್‌ಸ್ಲಿಪ್ಪನ್ನು ಗಾಜಿನ ಪಟ್ಟಿಗೆ ಅಂಟಿಸಲು ನ್ಯಾಫ್ರಾಕ್ಸ್ ಎಂಬ ಅಂಟು ಬೇಕು. ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಪ್ರಮಾಣ) ಸಿಲಿಕಾದ್ದಕ್ಕೆ ಹತ್ತಿರವಾದ್ದರಿಂದ ಅದರಲ್ಲಿ ಚಿಪ್ಪಿನ ಗೆರೆಗಳು ಮಸುಕಾಗುತ್ತವೆ, ಆ ಗೆರೆಗಳಿಲ್ಲದೆ ಪ್ರಭೇದ ಗುರುತಿಸಲಾಗದು. 1000 ಪಟ್ಟು ಹಿಗ್ಗಿಸಿ ಕನಿಷ್ಠ 300 ಹೋಳು ಎಣಿಸುವುದು ರೂಢಿ.

ಎಣಿಕೆ ಸರಿಯಿದ್ದರೂ ಮೋಸಹೋಗಬಹುದು. ಉಬ್ಬರ ಕಡಲ ಡಯಾಟಮ್‌ಗಳನ್ನು ಹೊಳೆಯೊಳಗೆ ತಂದು ಸುರಿಯುತ್ತದೆ. ತೆಳು ಚಿಪ್ಪುಗಳು ಕರಗಿಹೋಗಿ, ದಪ್ಪ ಚಿಪ್ಪಿನ ಪ್ಯಾರಾಲಿಯಾ ಮಾತ್ರ ಉಳಿದು, ಇರದ ಕಡಲನ್ನು ಇತ್ತೆಂದು ತೋರಿಸುತ್ತದೆ. ಆದ್ದರಿಂದ ಮುರಿದ ಹೋಳುಗಳ ಪಾಲನ್ನೂ ಬರೆದಿಡಲೇಬೇಕು.

ಅಮೆರಿಕದ ವಾಷಿಂಗ್ಟನ್ ಕರಾವಳಿಯಲ್ಲಿ ಜೌಗಿನ ಕಪ್ಪು ಮಣ್ಣಿನ ಮೇಲೆ ಉಬ್ಬರದ ಬೂದು ಕೆಸರು ಗೆರೆ ಕೊರೆದಂತೆ ಕೂತಿದೆ. ಆ ಗೆರೆಯಲ್ಲೇ ಡಯಾಟಮ್‌ಗಳೂ ಥಟ್ಟನೆ ಬದಲಾಗುತ್ತವೆ. ಕಡಲು ನಿಧಾನವಾಗಿ ಏರಿದ್ದರೆ ನಡುವೆ ಮಿಶ್ರ ಪದರ ಇರಬೇಕಿತ್ತು. ಇಲ್ಲ, ಅಂದರೆ ಭೂಕಂಪದಲ್ಲಿ ನೆಲವೇ ಒಮ್ಮೆಗೆ ಕುಸಿದಿದೆ. ಕಾರ್ಬನ್ ಕೊಟ್ಟದ್ದು ಸುಮಾರು 300 ವರ್ಷವೆಂಬ ಅಂದಾಜು. ಸತ್ತ ಸೀಡರ್ ಮರಗಳ ಬೇರಿನ ಉಂಗುರಗಳು ಅದನ್ನು 1699-1700ರ ಚಳಿಗಾಲದ ಆಸುಪಾಸಿಗೆ ತಂದವು. ಜಪಾನಿನ ಸುನಾಮಿ ದಾಖಲೆಗಳಿಂದ ಭೂಕಂಪದ ದಿನವೇ ಸಿಕ್ಕಿತು: 1700ರ ಜನವರಿ 26.