ಫಾರ್ಮಕೋಜೆನೆಟಿಕ್ಸ್: ಮಾತ್ರೆ ಮತ್ತು ಮೈಗುಣ

‘ಆ ಮಾತ್ರೆ ನನಗೆ ಆಗಿಬರಲ್ಲ’ ಅನ್ನುವವರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಎಷ್ಟೋ ಸಲ ಅದು ಸುಮ್ನೆ ಅನುಮಾನ. ಕೆಲವು ಸಲ ಮಾತ್ರ ಕಾರಣ ಹುಟ್ಟಿನಿಂದಲೇ ಬಂದಿರುತ್ತದೆ. ಒಂದೇ ಔಷಧಿ ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಥರ ಕೆಲಸ ಮಾಡುವುದರಲ್ಲಿ ಜೀನ್‌ಗಳ ಪಾಲೆಷ್ಟು ಎಂದು ನೋಡುವ ವಿಜ್ಞಾನವೇ ಫಾರ್ಮಕೋಜೆನೆಟಿಕ್ಸ್. 1959ರಲ್ಲಿ ಈ ಹೆಸರಿಟ್ಟವರು ಜರ್ಮನಿಯ ಫ್ರೀಡ್ರಿಕ್ ಫೋಗೆಲ್. ಡಾಕ್ಟರದ್ದು ಕೈಗುಣ ಅಂತೀವಲ್ಲ, ಇದು ರೋಗಿಯ ಮೈಗುಣ.

ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಕ್ಲೊಪಿಡೊಗ್ರೆಲ್ ನೋಡಿ. ನುಂಗುವಾಗ ಅದರಲ್ಲಿ ಶಕ್ತಿ ಇರುವುದಿಲ್ಲ. ಲಿವರ್‌ನ ಒಂದು ಕಿಣ್ವ (ಎಂಜೈಮ್) ಅದನ್ನು ಕೆಲಸಕ್ಕೆ ಬರುವ ಹಾಗೆ ಬದಲಿಸಬೇಕು. ಆ ಕಿಣ್ವದ ಜೀನ್ ಸೊರಗಿದ್ದರೆ ದಿನಾ ತಪ್ಪದೆ ಮಾತ್ರೆ ನುಂಗಿದರೂ ಲಾಭ ಕಮ್ಮಿ.

ಇದಕ್ಕಿಂತ ನಾಟಕೀಯವಾದದ್ದು ಆಪರೇಷನ್ ಥಿಯೇಟರ್‌ನ ‘ಸ್ಕೋಲಿನ್’, ಅಂದರೆ ಸಕ್ಸಿನೈಲ್‌ಕೋಲಿನ್. ಅರಿವಳಿಕೆ ಡಾಕ್ಟರು ಶ್ವಾಸನಾಳಕ್ಕೆ ಟ್ಯೂಬ್ ಇಳಿಸುವ ಮುಂಚೆ ಇದನ್ನು ಕೊಡುತ್ತಾರೆ. ಮಾಂಸಖಂಡಗಳು ಒಮ್ಮೆ ಅದುರಿ, ನಿಮಿಷದೊಳಗೆ ಸಡಿಲವಾಗುತ್ತವೆ. ಉಸಿರಾಟವೂ ನಿಲ್ಲುತ್ತದೆ. ರಕ್ತದಲ್ಲಿರುವ ಕಿಣ್ವ ಔಷಧಿಯನ್ನು ಬೇಗ ಒಡೆದುಹಾಕುವುದರಿಂದ ಸುಮಾರು ಹತ್ತು ನಿಮಿಷದಲ್ಲಿ ಉಸಿರು ವಾಪಸ್ಸು. ಆದರೆ ಅಪ್ಪ, ಅಮ್ಮ ಇಬ್ಬರಿಂದಲೂ ಆ ಕಿಣ್ವದ ಕೆಟ್ಟ ಜೀನೇ ಬಂದಿದ್ದರೆ? ಗಂಟೆಗಟ್ಟಲೆ ಉಸಿರು ಬರುವುದಿಲ್ಲ. ಅಲ್ಲಿಯವರೆಗೆ ವೆಂಟಿಲೇಟರ್ ಉಸಿರಾಡಿಸಬೇಕು. ಔಷಧಿ ಇಳಿದ ಮೇಲೆ ಎಲ್ಲ ಮೊದಲಿನಂತೆ. ವಿಚಿತ್ರ ಅಂದರೆ, ದಿನನಿತ್ಯದ ಬದುಕಿನಲ್ಲಿ ಈ ಕೊರತೆಯ ಸುಳಿವೇ ಸಿಗುವುದಿಲ್ಲ. ಸ್ಕೋಲಿನ್ ತಗೊಳ್ಳದೇ ಇದ್ದರೆ ಜೀವನಪೂರ್ತಿ ಗೊತ್ತಾಗದೆಯೂ ಹೋಗಬಹುದು.

ಆಂಧ್ರ, ತೆಲಂಗಾಣದಲ್ಲೂ ನಮ್ಮಲ್ಲೂ ಇರುವ ಆರ್ಯವೈಶ್ಯ ಸಮುದಾಯದಲ್ಲಿ ಇದು ಬೇರೆಯವರಿಗಿಂತ ಜಾಸ್ತಿ ಕಂಡುಬಂದಿದೆ. ತಲೆಮಾರುಗಳಿಂದ ತಮ್ಮೊಳಗೇ ಮದುವೆಯಾದರೆ ಇಂಥ ಜೀನ್ ಒಳಗೊಳಗೇ ಸುತ್ತುತ್ತಿರುತ್ತದೆ. ಹಾಗಂತ ಅಲ್ಲಿ ಎಲ್ಲರಿಗೂ ಇರುತ್ತದೆ ಅಂತಲ್ಲ. ಬೇರೆಯವರಿಗೆ ಬರಲ್ಲ ಅಂತಲೂ ಅಲ್ಲ.

ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರು ‘ಮನೆಯಲ್ಲಿ ಯಾರಿಗಾದರೂ ಅನಸ್ತೇಶಿಯಾದಿಂದ ತೊಂದರೆ ಆಗಿತ್ತಾ?’ ಅಂತ ಕೇಳುತ್ತಾರೆ. ನಾವು ‘ಇಲ್ಲ ಸಾರ್’ ಅಂದುಬಿಡುತ್ತೇವೆ, ಅಲ್ವಾ? ನನ್ನ ಪ್ರಕಾರ ಖರ್ಚಿಲ್ಲದ ಜೀನ್ ಪರೀಕ್ಷೆ ಅಂದರೆ ಅದೇ. ಚಿಕ್ಕಪ್ಪನಿಗೆ ಹರ್ನಿಯಾ ಆಪರೇಷನ್ ಆದಾಗ ಎರಡು ಗಂಟೆ ತಡವಾಗಿ ಎಚ್ಚರವಾಯ್ತು ಅನ್ನುವ ಹಳೇ ಕತೆಯನ್ನೂ ಅಲ್ಲಿ ಹೇಳಬೇಕು. ಅನುಮಾನ ಬಂದರೆ ಕಿಣ್ವದ ಮಟ್ಟ ನೋಡಲು ರಕ್ತ ಪರೀಕ್ಷೆ ಇದೆ. ಕೊರತೆ ಇದ್ದರೆ ಡಾಕ್ಟರು ಬೇರೆ ಔಷಧಿ ಹಾಕುತ್ತಾರೆ. ಒಡಹುಟ್ಟಿದವರನ್ನೂ ಪರೀಕ್ಷೆ ಮಾಡಿಸಿ, ‘ಸ್ಕೋಲಿನ್ ಬೇಡ’ ಎಂದು ಬರೆದ ಚೀಟಿ ಪರ್ಸಿನಲ್ಲಿ ಇಟ್ಟುಕೊಳ್ಳಲು ಹೇಳುತ್ತಾರೆ.