ಕತ್ತಿನ ನರದ ಗಂಟು: ಒಬ್ಬೊಬ್ಬ ಡಾಕ್ಟ್ರು ಒಂದೊಂದು ಯಾಕೆ ಹೇಳ್ತಾರೆ?

ಕತ್ತಲ್ಲಿ ನೋವಿಲ್ಲದ ಗಂಟು ಕಂಡ್ರೆ ನಮ್ಮ ಕಡೆ ಮೊದಲು ಬರೋ ಅನುಮಾನ ಟಿಬಿ, ಆಮೇಲೆ ಕ್ಯಾನ್ಸರ್. ನರದಿಂದಾನೇ ಹುಟ್ಟೋ ಶ್ವಾನೋಮಾ ಬೇಗ ಯಾರಿಗೂ ಹೊಳೆಯಲ್ಲ, ಸೂಜಿ ಹಾಕಿ ತೆಗೆದ ಸ್ಯಾಂಪಲ್ಲಲ್ಲೂ ಎಷ್ಟೋ ಸಲ ಗೊತ್ತಾಗಲ್ಲ. ಇದು ಕ್ಯಾನ್ಸರ್ ಅಲ್ಲ, ನಿಧಾನಕ್ಕೆ ಬೆಳೆಯುತ್ತೆ. ಆದ್ರೂ ಒಬ್ರು ತೆಗೀಬೇಕು ಅಂತಾರೆ, ಒಬ್ರು ಬಿಡಿ ಅಂತಾರೆ, ಇನ್ನೊಬ್ರು ದನಿ ಹೋಗ್ಬಹುದು ಅಂತ ಹೆದರಿಸ್ತಾರೆ.

ವೆರೊಕೈ ಅನ್ನೋ ಡಾಕ್ಟ್ರು 1910ರಲ್ಲಿ ಈ ಗಂಟನ್ನ ಬೇರೆ ಅಂತ ಗುರುತಿಸಿದ್ರು, ಅಲ್ಲಿಂದ ಎಷ್ಟೋ ದಶಕ ಕತ್ತು ಕುಯ್ದ ಮೇಲೇ ಅದು ಏನು ಅಂತ ತಿಳೀತಿದ್ದಿದ್ದು, ನರ ಸಮೇತ ತೆಗೆದುಹಾಕೋದು ಮಾಮೂಲು. 1971ರಲ್ಲಿ ಲಂಡನ್ನಲ್ಲಿ ಮೊದಲ ಸಿಟಿ ಸ್ಕ್ಯಾನ್ ಆಯ್ತು, ಆಮೇಲೆ ಎಂಆರ್‌ಐ ಬಂತು.

ನಿಜವಾದ ಬದಲಾವಣೆ ಎಂಆರ್‌ಐದು. ಕತ್ತಲ್ಲಿ ತಲೆಗೆ ರಕ್ತ ಒಯ್ಯೋ ಕೆರೋಟಿಡ್ ಅಪಧಮನಿ, ಅದನ್ನ ವಾಪಸ್ ತರೋ ಜುಗುಲರ್ ಅಭಿಧಮನಿ ಪಕ್ಕಪಕ್ಕದಲ್ಲಿರ್ತವೆ, ಇವೆರಡರ ನಡುವೆ ಸ್ವಲ್ಪ ಹಿಂದೆ ದನಿ, ನುಂಗೋದು ನೋಡ್ಕೊಳ್ಳೋ ವೇಗಸ್ ನರ ಹೋಗುತ್ತೆ. ಹಾಗಾಗಿ ವೇಗಸ್ ಗಂಟು ದಪ್ಪ ಆದ್ರೆ ಸಾಮಾನ್ಯವಾಗಿ ಎರಡನ್ನೂ ಬಿಡಿಸಿ ದೂರ ಮಾಡುತ್ತೆ. ಕಣ್ಣಿನ ಪಾಪೆ, ಮುಖದ ಬೆವರು ನೋಡ್ಕೊಳ್ಳೋ ಸಿಂಪಥೆಟಿಕ್ ನರ ಇನ್ನೂ ಹಿಂದಿದೆ, ಅದರ ಗಂಟು ಎರಡನ್ನೂ ಒಟ್ಟಿಗೇ ಮುಂದಕ್ಕೆ ತಳ್ಳುತ್ತೆ. ಯಾವಾಗ್ಲೂ ಹೀಗೇ ಅಂತಿಲ್ಲ, ಆದ್ರೂ ಕತ್ತಿ ಹಿಡಿಯೋ ಮೊದಲೇ ಯಾವ ನರ ಅಂತ ಊಹಿಸ್ಬಹುದು, ಅದಕ್ಕೇ ಇದು ಅಷ್ಟು ಮುಖ್ಯ. ಆಪರೇಷನ್ನಲ್ಲಿ ಪೆಟ್ಟು ಬಿದ್ದ ನರ ವೇಗಸ್ ಆದ್ರೆ ದನಿ ಗೊಗ್ಗರಾಗ್ಬಹುದು, ನೀರು ಕುಡಿಯುವಾಗ ಕೆಮ್ಮು ಬರ್ಬಹುದು. ಸಿಂಪಥೆಟಿಕ್ ಆದ್ರೆ ಆ ಕಡೆ ರೆಪ್ಪೆ ಜೋಲ್ಬಹುದು, ಪಾಪೆ ಚಿಕ್ಕದಾಗ್ಬಹುದು, ಮುಖ ಬೆವರದೇ ಇರ್ಬಹುದು.

ಇದರ ಜೊತೆ ಆಪರೇಷನ್ನೂ ಬದಲಾಯ್ತು. ನರದ ಎಳೆಗಳು ಹೆಚ್ಚಾಗಿ ಗಂಟಿನ ಹೊರಮೈಗೆ ಒತ್ಕೊಂಡಿರ್ತವೆ, ಎಳೆ ಇಲ್ಲದ ಜಾಗ ಹುಡುಕಿ ಕವಚ ಉದ್ದಕ್ಕೆ ಸೀಳಿ ಒಳಗಿನ ತಿರುಳು ಮಾತ್ರ ಬಿಡಿಸ್ತಾರೆ. ಆ ಜಾಗ ಹುಡುಕೋಕೆ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ನೋಡ್ತಾರೆ, ವೇಗಸ್ ಆದ್ರೆ ಎಲೆಕ್ಟ್ರೋಡ್ ಇರೋ ಉಸಿರಿನ ಟ್ಯೂಬ್ ಗಂಟಲ ಸ್ನಾಯು ಅಲುಗಿದ್ದನ್ನ ಹಿಡಿಯುತ್ತೆ. ಆಪರೇಷನ್ ಟೇಬಲ್ ಮೇಲೇ ಅಲ್ಟ್ರಾಸೌಂಡ್ ಇಟ್ಟು ನೋಡೋರೂ ಇದ್ದಾರೆ. ಇಷ್ಟೆಲ್ಲಾ ಮಾಡಿದ್ರೂ ಕೆಲವರ ದನಿ ಕೆಲವು ತಿಂಗಳು ಕೆಡುತ್ತೆ, ಕೆಲವರದ್ದು ಸರಿಹೋಗೋದೇ ಇಲ್ಲ.

ನೋಡಿ, ಇಲ್ಲೇ ನನಗೆ ಸಂಕಟ ಆಗೋದು. ಸಣ್ಣ, ತೊಂದ್ರೆ ಕೊಡದ ಗಂಟಾದ್ರೆ ಆಗಾಗ ಸ್ಕ್ಯಾನ್ ಮಾಡಿಸ್ಕೊಂಡು ಕಾಯೋದೂ ಒಪ್ಪಿರೋ ದಾರಿನೇ, ಅದನ್ನ ಎಷ್ಟೋ ಪೇಷಂಟಿಗೆ ಯಾರೂ ಬಿಡಿಸಿ ಹೇಳೋದೇ ಇಲ್ಲ. ಪಾಠ ಹೇಳೋ ಮೇಷ್ಟ್ರಿಗೂ ಹಾಡೋರಿಗೂ ದನಿ ಹೋಗೋದು ಅಂದ್ರೆ ಹೊಟ್ಟೆಪಾಡಿನ ಪ್ರಶ್ನೆ. ಸಹಿ ಹಾಕೋ ಮೊದಲು ಎಂಆರ್‌ಐ ಫಿಲ್ಮ್ ಮುಂದಿಟ್ಟು, ಯಾವ ನರ ಅನ್ಸುತ್ತೆ, ಏನು ಕಳ್ಕೊಳ್ಬಹುದು, ಒಂದು ವರ್ಷ ಕಾದ್ರೆ ಏನಾಗುತ್ತೆ ಅಂತ ಕೇಳಿ.